15 ಇಂಚಿನ ಕಾಯಿಲ್: ಆಳ ಕೇಳಿದೆ, ಅಗಲ ಕೊಟ್ಟಿತು

ಮೊದಲೇ ಹೇಳಿಬಿಡುತ್ತೇನೆ, ಈ ಕಾಯಿಲ್, ಅಂದರೆ ನೆಲದಡಿಯ ಲೋಹ ಹುಡುಕುವ ಮೆಟಲ್ ಡಿಟೆಕ್ಟರ್ ಕೋಲಿನ ತುದಿಯಲ್ಲಿರುವ ತಟ್ಟೆ, ಕೊಂಡಿದ್ದು ದುರಾಸೆಯಿಂದ. ಮೆಟಲ್ ಡಿಟೆಕ್ಟರ್ ಜೊತೆಯಲ್ಲೇ ಬಂದಿದ್ದ 11 ಇಂಚಿನ ಕಾಯಿಲ್ ಮೂರು ವರ್ಷ ಚೆನ್ನಾಗಿ ದುಡಿದಿದೆ, ಅದರ ಮೇಲೆ ದೂರು ಏನೂ ಇರಲಿಲ್ಲ. ಆದರೆ ನಾನು ಮತ್ತೆ ಮತ್ತೆ ಹೋಗುವ ಒಂದು ಹಳೆಯ ಹೊಲದಲ್ಲಿ ಕಳೆದ ಕೆಲವು ತಿಂಗಳಿಂದ ಯಂತ್ರ ಬಾಯಿ ಬಿಡುವುದನ್ನೇ ನಿಲ್ಲಿಸಿಬಿಟ್ಟಿತ್ತು. ಅಲ್ಲಿ ಸಿಗಬೇಕಾದದ್ದೆಲ್ಲ ಸಿಕ್ಕಾಯಿತು ಅಂತ ಒಪ್ಪಿಕೊಳ್ಳಲು ಮನಸ್ಸು ಕೇಳಲಿಲ್ಲ. ಕೆಳಗೆ ಇನ್ನೂ ಇದೆ, ನನ್ನ ಕಾಯಿಲ್‌ಗೆ ಎಟುಕುತ್ತಿಲ್ಲ ಅಷ್ಟೇ ಅಂತ ಅನಿಸತೊಡಗಿತು. ಈ ಹವ್ಯಾಸ ಹಿಡಿದವರಿಗೆಲ್ಲ ಒಂದಲ್ಲ ಒಂದು ದಿನ ಹತ್ತುವ ಹುಚ್ಚು ಇದು, ಅಲ್ವಾ? ಬೆಲೆ ನೋಡಿ ಎರಡು ತಿಂಗಳು ಸುಮ್ಮನಿದ್ದೆ. ಮೂರನೇ ತಿಂಗಳು ತಡೆಯಲಾಗಲಿಲ್ಲ.

ತರಿಸಿದ್ದು 15 × 12 ಇಂಚಿನ, ಮೊಟ್ಟೆಯಾಕಾರದ ಡಬಲ್ ಡಿ ಕಾಯಿಲ್. ಯಂತ್ರ ಮಾಡಿದ ಕಂಪನಿಯದ್ದಲ್ಲ, ಬೇರೆಯವರು ಅದೇ ಮಾಡೆಲ್‌ಗೆ ಅಂತಲೇ ಮಾಡಿ ಮಾರುವುದು. ಹೆಸರು ಬರೆಯುವುದಿಲ್ಲ, ಯಾಕೆಂದರೆ ಮುಂದೆ ಒಂದು ತಕರಾರು ಬರುತ್ತದೆ. ಮತ್ತೆ ನಾನು ಹೇಳಬೇಕಾದದ್ದರಲ್ಲಿ ಹೆಚ್ಚಿನದು ಆ ಕಂಪನಿಗಿಂತ ಕಾಯಿಲ್‌ನ ಗಾತ್ರಕ್ಕೆ ಸಂಬಂಧಪಟ್ಟದ್ದು. ಆರು ವಾರ ಬಳಸಿದ್ದೇನೆ. ಎರಡು ಬಗೆಯ ಮಣ್ಣು, ಒಂದು ಮರಳು ದಂಡೆ, ಮೊಳೆ ತುಂಬಿದ ಒಂದು ಹಳೆ ಮನೆಯ ಜಾಗ, ಇಷ್ಟು ಕಡೆ ಓಡಾಡಿದ ಮೇಲೆ ಬರೆಯುತ್ತಿದ್ದೇನೆ.

ಹೊಸಬರಿಗೆ ಎರಡು ಮಾತು. ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವ, ತೀರ ಕಡಿಮೆ ಆವರ್ತನದಲ್ಲಿ ಕೆಲಸ ಮಾಡುವ ವಿಎಲ್‌ಎಫ್ ಯಂತ್ರಗಳ ಕಾಯಿಲ್ ಒಳಗೆ ತಂತಿಯ ಎರಡು ಸುತ್ತು ಇರುತ್ತವೆ. ಒಂದು ಕಳಿಸುವುದು, ಇನ್ನೊಂದು ಕೇಳಿಸಿಕೊಳ್ಳುವುದು. ಕಳಿಸುವ ಸುತ್ತು ಒಂದೇ ಸಮನೆ ಕೂಗುತ್ತಿರುತ್ತದೆ, ಆದರೆ ಕೇಳುವ ಸುತ್ತಿಗೆ ಆ ಕೂಗು ಹೆಚ್ಚುಕಡಿಮೆ ಕೇಳಿಸದ ಹಾಗೆ ಎರಡನ್ನೂ ಲೆಕ್ಕಾಚಾರವಾಗಿ ಜೋಡಿಸಿರುತ್ತಾರೆ. ಕೆಳಗೆ ಲೋಹ ಬಂದರೆ ಅದರೊಳಗೆ ಪುಟ್ಟ ವಿದ್ಯುತ್ ಸುಳಿಗಳು ಎದ್ದು, ಆ ಸಮತೋಲ ಕದಡುತ್ತದೆ, ಕಿವಿಗೆ ಸದ್ದು ಬರುತ್ತದೆ. ಲೋಹದ ಉತ್ತರ ಎಷ್ಟು ತಡವಾಗಿ ಬಂತು ಅನ್ನುವುದರ ಮೇಲೆ ಯಂತ್ರ ಅದು ಕಬ್ಬಿಣವೋ ತಾಮ್ರವೋ ಅಂತ ಊಹಿಸಿ ಸ್ಕ್ರೀನ್ ಮೇಲೆ ಒಂದು ನಂಬರ್ ತೋರಿಸುತ್ತದೆ. ಊಹೆ ಅಂತ ಬೇಕಂತಲೇ ಬರೆದೆ.

ಡಬಲ್ ಡಿ ಅಂದರೆ ಈ ಎರಡು ಸುತ್ತುಗಳು ಇಂಗ್ಲಿಷ್‌ನ ಡಿ ಅಕ್ಷರದ ಆಕಾರದಲ್ಲಿ, ಬೆನ್ನಿಗೆ ಬೆನ್ನು ಕೊಟ್ಟು, ನಡುವೆ ಒಂದಿಷ್ಟು ಒಂದರ ಮೇಲೊಂದು ಕೂತಿರುತ್ತವೆ. ಆ ನಡುಪಟ್ಟಿಯೇ ಕಾಯಿಲ್‌ನ ಜೀವ. ಮುಂದಿನ ತುದಿಯಿಂದ ಹಿಂದಿನ ತುದಿವರೆಗೆ ಕತ್ತಿಯ ಅಲಗಿನ ಹಾಗೆ ನೆಲಕ್ಕೆ ಇಳಿಯುತ್ತದೆ. ಹಳೆಯ ಬಗೆಯ ಕಾನ್ಸೆಂಟ್ರಿಕ್ ಕಾಯಿಲ್‌ಗಳಲ್ಲಿ ಒಂದು ಸುತ್ತಿನ ಒಳಗೆ ಇನ್ನೊಂದು ಸುತ್ತು ಇರುತ್ತದೆ. ಅದು ಗುರಿಯ ಜಾಗವನ್ನು ನಿಖರವಾಗಿ ತೋರಿಸುತ್ತದೆ, ಆದರೆ ಕೆಳಕ್ಕೆ ಹೋದಂತೆ ಅದರ ನೋಟ ಕೋನ್ ಹಾಗೆ ಕಿರಿದಾಗುತ್ತದೆ, ಕಬ್ಬಿಣದ ಅಂಶ ಜಾಸ್ತಿ ಇರುವ ಮಣ್ಣಿನಲ್ಲಿ ಗಲಾಟೆ ಮಾಡುತ್ತದೆ. ಕೆಂಪು ಮಣ್ಣಿನಲ್ಲಿ ಓಡಾಡುವವನು ನಾನು, ಡಬಲ್ ಡಿ ಬಿಟ್ಟು ಬೇರೆ ಯೋಚಿಸಲೇ ಇಲ್ಲ.

ಪೆಟ್ಟಿಗೆ ಬಂತು. ಒಳಗೆ ಕಾಯಿಲ್, ಪ್ಲಾಸ್ಟಿಕ್ ಬೋಲ್ಟ್, ಅಡಿಗೆ ಹಾಕುವ ಕವರ್. ಬೋಲ್ಟ್ ಜೊತೆ ಇರಬೇಕಾದ ಎರಡು ರಬ್ಬರ್ ವಾಷರ್ ಇಲ್ಲ. ಚಿಕ್ಕ ವಿಷಯ ಅನಿಸಬಹುದು. ಆದರೆ ಕಾಯಿಲ್ ಯಾವ ಕೋನದಲ್ಲಿ ಇಡುತ್ತೇವೋ ಅಲ್ಲೇ ನಿಲ್ಲುವುದು ಆ ರಬ್ಬರ್‌ನ ಹಿಡಿತದಿಂದ. ಅದಿಲ್ಲದೆ ಬೋಲ್ಟ್ ಬಿಗಿ ಮಾಡುತ್ತಾ ಹೋದರೆ ಕಾಯಿಲ್‌ನ ಕಿವಿ, ಅಂದರೆ ಬೋಲ್ಟ್ ಕೂರುವ ಜಾಗ, ಸೀಳುತ್ತದೆ. ಬೋಲ್ಟ್ ಪ್ಲಾಸ್ಟಿಕ್ ಆಗಿರುವುದಕ್ಕೂ ಕಾರಣ ಇದೆ, ಅಲ್ಲಿ ಲೋಹ ಇದ್ದರೆ ಕಾಯಿಲ್ ತನ್ನ ಬೋಲ್ಟನ್ನೇ ಹುಡುಕಿ ಕೂಗುತ್ತಾ ಕೂರುತ್ತದೆ. ಹಳೆ ಕಾಯಿಲ್‌ನ ವಾಷರ್ ಬಿಚ್ಚಿ ಹಾಕಿದೆ, ಪುಣ್ಯಕ್ಕೆ ಕೂತವು. ಮಾರಿದವರಿಗೆ ಪತ್ರ ಬರೆದೆ. ಅದರ ಕತೆ ಆಮೇಲೆ.

ತೂಕ ನೋಡಿದೆ. ಹಳೆಯದು ಕವರ್ ಸಮೇತ 560 ಗ್ರಾಂ, ಹೊಸದು 790 ಗ್ರಾಂ. ವ್ಯತ್ಯಾಸ 230 ಗ್ರಾಂ, ಇದೇನು ಮಹಾ ಅಂತ ನಾನೂ ಅಂದುಕೊಂಡೆ. ಆ 230 ಗ್ರಾಂ ಕೈಯಲ್ಲಿ ಇದ್ದಿದ್ದರೆ ಮಹಾ ಅಲ್ಲ. ಅದು ಇರುವುದು ಕೈಯಿಂದ ಒಂದು ಮೀಟರ್ ಆಚೆ, ಕೋಲಿನ ತುದಿಯಲ್ಲಿ, ಅದನ್ನು ಗಂಟೆಗೆ ಸಾವಿರಾರು ಸಲ ಆ ಕಡೆ ಈ ಕಡೆ ಬೀಸಬೇಕು. ಬೀಸುವುದಕ್ಕಿಂತ ಕಷ್ಟ ಏನೆಂದರೆ ಪ್ರತಿ ಬೀಸಿನ ಕೊನೆಯಲ್ಲಿ ಅದನ್ನು ನಿಲ್ಲಿಸಿ ತಿರುಗಿಸುವುದು. ಮೊದಲ ದಿನ ಒಂದೂವರೆ ಗಂಟೆಗೆ ಮೊಣಕೈ ಕೈಕೊಟ್ಟಿತು. ಮಾರನೇ ದಿನ ಲೋಟ ಎತ್ತುವಾಗಲೂ ನೆನಪಾಗುತ್ತಿತ್ತು. ಆಮೇಲೆ ಹೆಗಲಿಗೆ ಒಂದು ಪಟ್ಟಿ ಹಾಕಿ, ಅದರಿಂದ ಎಲಾಸ್ಟಿಕ್ ಹಗ್ಗ ಇಳಿಬಿಟ್ಟು ಯಂತ್ರವನ್ನು ನೇತುಹಾಕಿದೆ. ಅಲ್ಲಿಂದ ಬದುಕಿದೆ. ಈ ಗಾತ್ರದ ಕಾಯಿಲ್ ಕೊಳ್ಳುವವರು ಆ ಪಟ್ಟಿಯನ್ನೂ ಸೇರಿಸಿಯೇ ಲೆಕ್ಕ ಹಾಕಿಕೊಳ್ಳಿ, ಆಮೇಲೆ ನೋಡೋಣ ಅನ್ನಬೇಡಿ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಎಷ್ಟು ಆಳ?

ಮೊದಲು ಗಾಳಿಯಲ್ಲಿ ನೋಡಿದೆ. ಯಂತ್ರವನ್ನು ಮರದ ಬೆಂಚಿನ ಮೇಲೆ ಮಲಗಿಸಿ, ಕಾಯಿಲ್ ಮುಂದೆ 25 ಮಿಲಿಮೀಟರ್ ಅಗಲದ ತಾಮ್ರದ ನಾಣ್ಯ ಆಡಿಸುತ್ತಾ, ಸದ್ದು ನಿಲ್ಲುವ ದೂರ ಅಳೆದೆ. ಹಳೆಯದು 34 ಸೆಂಟಿಮೀಟರ್. ಹೊಸದು 42. ಎಂಟು ಸೆಂಟಿಮೀಟರ್ ಲಾಭ! ನಾನು ಆ ಸಂಜೆ ತುಂಬಾ ಖುಷಿಯಾಗಿದ್ದೆ. ಗಾಳಿಯಲ್ಲಿ ಸಿಕ್ಕ ಖುಷಿ ಮಣ್ಣಿಗೆ ಬಂದಾಗ ಅರ್ಧ ಆಯಿತು.

ಹಿತ್ತಲಲ್ಲಿ ನನ್ನದೊಂದು ಪರೀಕ್ಷೆಯ ಸಾಲು ಇದೆ. ಅಂಥದೇ ತಾಮ್ರದ ನಾಣ್ಯಗಳನ್ನು 10, 15, 20, 25, 30 ಸೆಂಟಿಮೀಟರ್ ಆಳದಲ್ಲಿ ಮಲಗಿಸಿ ಹೂತು, ಅಗೆದ ಮಣ್ಣು ಮತ್ತೆ ಗಟ್ಟಿಯಾಗಲಿ ಅಂತ ಒಂದು ಮಳೆಗಾಲ ಬಿಟ್ಟಿದ್ದೇನೆ. ಜೊತೆಗೆ 45 ಸೆಂಟಿಮೀಟರ್ ಕೆಳಗೆ ಅಂಗೈ ಅಗಲದ ಒಂದು ಹಿತ್ತಾಳೆ ಮುಚ್ಚಳ, 8 ಮತ್ತು 12 ಸೆಂಟಿಮೀಟರ್‌ನಲ್ಲಿ ತೆಳುವಾದ ಬೆಳ್ಳಿ ತಂತಿಯ ಎರಡು ಪುಟ್ಟ ಬಳೆಚೂರುಗಳು.

ಹಳೆ ಕಾಯಿಲ್ 20 ಸೆಂಟಿಮೀಟರ್ ನಾಣ್ಯವನ್ನು ಎರಡೂ ದಿಕ್ಕಿನಿಂದ ಶುದ್ಧವಾಗಿ ಹೇಳುತ್ತದೆ. 25ರದ್ದಕ್ಕೆ ಒಂದು ದಿಕ್ಕಿನಿಂದ ಮಾತ್ರ ಸದ್ದು, ನಂಬರ್ ಕುಣಿಯುತ್ತದೆ. 30ರಲ್ಲಿ ಮೌನ. ಹೊಸದು 25ರ ನಾಣ್ಯವನ್ನು ಎರಡೂ ದಿಕ್ಕಿನಿಂದ ಹಿಡಿಯಿತು. 30ರಲ್ಲಿ, ಹೆಡ್‌ಫೋನ್ ಹಾಕಿ ಉಸಿರು ಬಿಗಿಹಿಡಿದರೆ, ಅಲ್ಲಿ ನಾಣ್ಯ ಇದೆ ಅಂತ ನನಗೆ ಮೊದಲೇ ಗೊತ್ತಿದ್ದರೆ, ಒಂದು ಎಳೆಯಷ್ಟು ಸದ್ದು. ನಂಬರ್ ಇಲ್ಲ. ಗೊತ್ತಿಲ್ಲದ ಹೊಲದಲ್ಲಿ ಆ ಸದ್ದಿಗೆ ನಾನು ನಿಲ್ಲುತ್ತಿರಲಿಲ್ಲ, ಇದು ಸತ್ಯ. ಅಂದರೆ ನಾಣ್ಯದ ಗಾತ್ರದ ವಸ್ತುವಿಗೆ ಸಿಕ್ಕ ನಿಜವಾದ ಲಾಭ ನಾಲ್ಕೈದು ಸೆಂಟಿಮೀಟರ್.

ಹಿತ್ತಾಳೆ ಮುಚ್ಚಳದ ಕತೆ ಬೇರೆ. ಹಳೆ ಕಾಯಿಲ್‌ಗೆ ಅದು ಗುಸುಗುಸು, ಹೊಸದಕ್ಕೆ ಕೂಗು. ಕಾಯಿಲ್ ನೆಲದಿಂದ ಒಂದು ಗೇಣು ಎತ್ತಿದರೂ ಕೇಳುತ್ತಲೇ ಇತ್ತು. ಬೆಳ್ಳಿಚೂರಿನಲ್ಲಿ ತಿರುಗುಮುರುಗು ಆಯಿತು. ಹಳೆಯದು ಎರಡನ್ನೂ ಹಿಡಿಯುತ್ತದೆ, ಹೊಸದು 8 ಸೆಂಟಿಮೀಟರ್‌ನದ್ದನ್ನು ಹಿಡಿದು 12ರದ್ದನ್ನು ನುಂಗಿಬಿಟ್ಟಿತು. ಹತ್ತು ಸಲ ಹಿಂದೆ ಮುಂದೆ ಹೋದೆ. ಇಲ್ಲ ಅಂದರೆ ಇಲ್ಲ.

ಯಾಕೆ ಹೀಗೆ? ಕಾಯಿಲ್‌ನಿಂದ ಹೊರಟ ಕಾಂತಕ್ಷೇತ್ರ, ಆಗ ಕೂಗು ಅಂದೆನಲ್ಲ ಅದು, ಹತ್ತಿರದಲ್ಲಿ ನಿಧಾನವಾಗಿ ಕುಗ್ಗುತ್ತದೆ, ಕಾಯಿಲ್‌ನ ಅಗಲಕ್ಕಿಂತ ದೂರ ಹೋದ ಮೇಲೆ ದೂರದ ಮೂರನೇ ಘಾತಕ್ಕೆ ತಕ್ಕಂತೆ ಧಡಕ್ಕನೆ ಇಳಿಯುತ್ತದೆ. ವಸ್ತು ಕೊಡುವ ಉತ್ತರವೂ ವಾಪಸ್ ಬರುವಾಗ ಅದೇ ಶಿಕ್ಷೆ ಅನುಭವಿಸುತ್ತದೆ. ಎರಡೂ ಸೇರಿ ಆರನೇ ಘಾತ. ಆಳ ಎರಡು ಪಟ್ಟು ಆದರೆ ಸಿಗ್ನಲ್ 64ರಲ್ಲಿ ಒಂದು ಪಾಲು. ಹಾಗಾಗಿ ಯಾವ ಕಾಯಿಲ್ ಕೂಡ ಆಳವನ್ನು ಎರಡು ಪಟ್ಟು ಮಾಡುವುದಿಲ್ಲ, ಮಾಡುತ್ತೇನೆ ಅಂದವರ ಮಾತು ಕೇಳಬೇಡಿ. ದೊಡ್ಡ ಕಾಯಿಲ್ ತನ್ನ ಶಕ್ತಿಯನ್ನು ಹೆಚ್ಚು ಜಾಗಕ್ಕೆ ಹರಡುತ್ತದೆ. ದೂರಕ್ಕೆ ಅದು ಒಳ್ಳೆಯದು, ಆದರೆ ಹತ್ತಿರದಲ್ಲಿ ಅದೇ ಶಕ್ತಿ ತೆಳ್ಳಗಾಗುತ್ತದೆ. ಕಂಬಳಿ ಅದೇ, ಮಂಚ ದೊಡ್ಡದಾಯಿತು. ಅದಕ್ಕೇ ಚಿಕ್ಕ ಉಂಗುರ, ತೆಳು ತಂತಿ, ಕಾಳಿನಷ್ಟು ಚಿನ್ನ ಹುಡುಕುವವರು ಚಿಕ್ಕ ಕಾಯಿಲ್ ಬಿಡುವುದಿಲ್ಲ.

ಗಾಳಿಯಲ್ಲಿ ಎಂಟು ಇದ್ದದ್ದು ಮಣ್ಣಲ್ಲಿ ನಾಲ್ಕು ಆದದ್ದಕ್ಕೂ ಕಾರಣ ಇದೆ. ದೊಡ್ಡ ಕಾಯಿಲ್ ದೊಡ್ಡ ನಾಣ್ಯ ನೋಡುವುದಿಲ್ಲ, ಅದೇ ನಾಣ್ಯವನ್ನು ಜಾಸ್ತಿ ಮಣ್ಣಿನ ಜೊತೆ ನೋಡುತ್ತದೆ. ಕೆಂಪು ಮಣ್ಣಿನ ಕಬ್ಬಿಣದ ಅಂಶ ಎಲ್ಲಾ ಸೇರಿ ಒಂದು ದೊಡ್ಡ ಗುಂಯ್ ಅನ್ನುವ ಹಿನ್ನೆಲೆ. ಗ್ರೌಂಡ್ ಬ್ಯಾಲೆನ್ಸ್ ಮಾಡಿದರೂ, ಅಂದರೆ ಮಣ್ಣಿನ ಸದ್ದನ್ನು ಕಡೆಗಣಿಸುವ ಹಾಗೆ ಯಂತ್ರವನ್ನು ಹೊಂದಿಸಿದರೂ, ಪೂರ್ತಿ ಹೋಗುವುದಿಲ್ಲ. ಹಳೆ ಕಾಯಿಲ್‌ನಲ್ಲಿ ಸೆನ್ಸಿಟಿವಿಟಿ 22ರಲ್ಲಿ ಶಾಂತವಾಗಿದ್ದ ನನ್ನ ಯಂತ್ರವನ್ನು ಹೊಸದರಲ್ಲಿ 18ಕ್ಕೆ ಇಳಿಸಿದ ಮೇಲೇ ನೆಮ್ಮದಿಯಾಗಿ ನಡೆಯಲು ಆಗಿದ್ದು. ಕಾಯಿಲ್ ಕೊಟ್ಟಿದ್ದರಲ್ಲಿ ಅರ್ಧ ಮಣ್ಣೇ ವಾಪಸ್ ಕಿತ್ತುಕೊಂಡಿತು. ವಿದ್ಯುತ್ ತಂತಿ ಹತ್ತಿರ ಇದ್ದರೆ ಇನ್ನೂ ಕಷ್ಟ, ದೊಡ್ಡ ಸುತ್ತು ಅಂದರೆ ದೊಡ್ಡ ಆಂಟೆನಾ ಇದ್ದ ಹಾಗೆ, ದಾರಿಯಲ್ಲಿ ಹೋಗುವ ಗಲಾಟೆಯನ್ನೆಲ್ಲ ಮನೆಗೆ ಕರೆಯುತ್ತದೆ.

ಇದೇ ಕಾಯಿಲ್ ಒಣ ಮರಳಿನಲ್ಲಿ ಬೇರೆಯೇ ಪ್ರಾಣಿ. ಮರಳು ಸುಮ್ಮನಿರುತ್ತದೆ, ಸೆನ್ಸಿಟಿವಿಟಿ ಮೇಲೇ ಇಡಬಹುದು, ಕಾಯಿಲ್ ಸಮತಟ್ಟಾಗಿ ಜಾರುತ್ತದೆ. ಅಲ್ಲಿ ನನಗೆ ಗಾಳಿಯ ಲೆಕ್ಕಕ್ಕೆ ಹತ್ತಿರ ಬರುವಷ್ಟು ಆಳ ಸಿಕ್ಕಿತು. ಒಂದು ಸೀಸದ ಗುಂಡನ್ನು ಮೊಣಕೈವರೆಗೆ ಕೈ ಇಳಿಸಿ ತೆಗೆದೆ. ಆದರೆ ಉಪ್ಪುನೀರು ನೆನೆಸಿದ ಅಂಚಿಗೆ ಹೋದ ತಕ್ಷಣ ಮತ್ತೆ ಕಿರುಚಾಟ, ಯಾಕೆಂದರೆ ಉಪ್ಪುನೀರು ಸ್ವತಃ ವಿದ್ಯುತ್ ಹರಿಸುತ್ತದೆ, ಅಷ್ಟಗಲದ ಕಾಯಿಲ್‌ಗೆ ಅದೊಂದು ದೊಡ್ಡ ವಸ್ತುವಿನ ಹಾಗೆ ಕಾಣುತ್ತದೆ. ಒಣ ಮರಳಿಗೆ ಐದಕ್ಕೆ ಐದು, ಒದ್ದೆ ಉಪ್ಪು ಮರಳಿಗೆ ಒಂದೂವರೆ.

ಸರಿ, ಹೊಲಕ್ಕೆ ಬರೋಣ. ಅದಕ್ಕೇ ತಾನೆ ಇಷ್ಟೆಲ್ಲ.

ಮೊದಲ ದಿನ ಪೂರ್ತಿ ಹಾಳು. ಪ್ರತಿ ಬೀಸಿನ ಬಲ ಕೊನೆಯಲ್ಲಿ ಟಿಕ್ ಅಂತ ಒಂದು ಸದ್ದು. ಅಗೆದರೆ ಏನೂ ಇಲ್ಲ. ಪಕ್ಕಕ್ಕೆ ಹೋದರೂ ಅದೇ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ಕಾಯಿಲ್ ಕೆಟ್ಟಿದೆ ಅಂತ ಬೈದುಕೊಂಡು ವಾಪಸ್ ಬಂದೆ. ರಾತ್ರಿ ಶಾಂತವಾಗಿ ಕೂತು ನೋಡಿದರೆ ತಪ್ಪು ನನ್ನದೇ. ಕೇಬಲನ್ನು ಕೋಲಿಗೆ ಸುತ್ತುವಾಗ ಕಾಯಿಲ್ ಹತ್ತಿರದ ಕೊನೆಯ ಒಂದು ಗೇಣು ಸಡಿಲ ಬಿಟ್ಟಿದ್ದೆ. ಬೀಸಿನ ತುದಿಯಲ್ಲಿ ಕಾಯಿಲ್ ನಿಂತು ತಿರುಗಿದಾಗ ಆ ಕೇಬಲ್ ಅಲುಗಾಡುತ್ತಿತ್ತು, ಕಾಯಿಲ್ ಅದನ್ನೇ ಲೋಹ ಅಂತ ಹೇಳುತ್ತಿತ್ತು. ಕಾಯಿಲ್ ಮೇಲೆ ಕೆಳಗೆ ಬಾಗಲು ಬೇಕಾದಷ್ಟು ಮಾತ್ರ ಸಡಿಲ ಬಿಟ್ಟು, ಉಳಿದದ್ದನ್ನು ವೆಲ್‌ಕ್ರೋ ಪಟ್ಟಿಯಿಂದ ಬಿಗಿದೆ. ಟಿಕ್ ನಿಂತಿತು. ಇನ್ನೊಂದು ಕಳ್ಳ ನನ್ನ ಬೂಟು. ತುದಿಯಲ್ಲಿ ಉಕ್ಕಿನ ತಗಡು ಇರುವ ಬೂಟು ಹಾಕಿದ್ದೆ. ಹಳೆ ಕಾಯಿಲ್‌ಗೆ ಅದು ಎಟುಕುತ್ತಿರಲಿಲ್ಲ, ಇದಕ್ಕೆ ಎಟುಕುತ್ತದೆ. ಈಗ ರಬ್ಬರ್ ಬೂಟು.

ಸುತ್ತ ಇರುವ ಲೋಹ ಕಾಯಿಲ್‌ಗೆ ಮೋಸ ಮಾಡುವುದು ಹೊಸ ವಿಷಯವೇನಲ್ಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ಬಿದ್ದಾಗ, ಟೆಲಿಫೋನ್‌ನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇದೇ ತತ್ವದ ಒಂದು ಯಂತ್ರ ಮಾಡಿಕೊಂಡು ದೇಹದೊಳಗಿನ ಗುಂಡು ಹುಡುಕಲು ಹೋಗಿದ್ದರು. ಹಾಸಿಗೆಯೊಳಗೆ ಉಕ್ಕಿನ ಸ್ಪ್ರಿಂಗ್ ಇದ್ದವು. ಸಾಲದ್ದಕ್ಕೆ ಗುಂಡು ಬಲಗಡೆ ಇದೆ ಅಂತ ನಂಬಿದ್ದ ವೈದ್ಯರು ಆ ಕಡೆ ಮಾತ್ರ ಹುಡುಕಲು ಬಿಟ್ಟರು, ಗುಂಡು ಇದ್ದದ್ದು ಎಡಗಡೆ. ಸಿಗಲಿಲ್ಲ. ಬೆಲ್ ಅಂಥವರಿಗೇ ಹಾಗಾದರೆ ನನ್ನ ಬೂಟಿನದು ಯಾವ ಲೆಕ್ಕ.

ಎರಡನೇ ದಿನದಿಂದ ಕಾಯಿಲ್ ತನ್ನ ನಿಜವಾದ ಗುಣ ತೋರಿಸಿತು, ಅದು ನಾನು ಕೇಳಿದ ಗುಣ ಆಗಿರಲಿಲ್ಲ. ಡಬಲ್ ಡಿ ಕಾಯಿಲ್‌ನ ಉದ್ದ ಪೂರ್ತಿ ಕೆಲಸ ಮಾಡುತ್ತದೆ ಅಂದೆನಲ್ಲ, 11 ಇಂಚು ಅಂದರೆ 28 ಸೆಂಟಿಮೀಟರ್, 15 ಇಂಚು ಅಂದರೆ 38. ಒಂದು ಬೀಸು ಮುಗಿದ ಮೇಲೆ ಅರ್ಧ ಕಾಯಿಲ್‌ನಷ್ಟು ಮುಂದೆ ಹೋಗುವುದು ನನ್ನ ರೂಢಿ. ಹಾಗೆ 30 ಮೀಟರ್ ಉದ್ದದ ಒಂದು ಸಾಲು ಮುಗಿಸಲು ಹಳೆಯದರಲ್ಲಿ ಸುಮಾರು 214 ಬೀಸು ಬೇಕು, ಹೊಸದರಲ್ಲಿ 158 ಸಾಕು. ಕಾಲು ಭಾಗ ಕೆಲಸ ಉಳಿಯಿತು. ಮೂರು ವರ್ಷದಲ್ಲಿ ನಾನು ಕಾಲಿಡದ ಹೊಲದ ಆಚೆ ಬದಿಯನ್ನು ನಾಲ್ಕು ಬೆಳಗ್ಗೆಯಲ್ಲಿ ಮುಗಿಸಿದೆ. ಸಿಕ್ಕಿದ್ದು ಎರಡು ಹಿತ್ತಾಳೆ ಬಕಲ್, ಸವೆದುಹೋದ ಐದು ತಾಮ್ರದ ನಾಣ್ಯ, ಬಾರಿಸುವ ಗಂಟೆಯ ಒಂದು ಒಡಕು ಚೂರು. ಎಲ್ಲವೂ 12ರಿಂದ 18 ಸೆಂಟಿಮೀಟರ್ ಒಳಗೆ. ಹಳೆ ಕಾಯಿಲ್ ಕೂಡ ಇವನ್ನು ಹಿಡಿಯುತ್ತಿತ್ತು. ಅದನ್ನು ಅಲ್ಲಿಗೆ ನಾನು ಕರೆದುಕೊಂಡು ಹೋಗಿರಲಿಲ್ಲ, ಅಷ್ಟೇ.

ಹಾಗಾದರೆ ನಾನು ಖಾಲಿಯಾಗಿದೆ ಅಂದುಕೊಂಡಿದ್ದ ಆ ಹಳೆ ತುಂಡಿನಲ್ಲಿ? ಅಲ್ಲಿ ಮೂರು ದಿನ ನಿಧಾನವಾಗಿ ನಡೆದೆ. ಆಳದ ಸದ್ದು ಬಂದವು, ಇಲ್ಲ ಅನ್ನುವುದಿಲ್ಲ. ಒಂದು 27 ಸೆಂಟಿಮೀಟರ್‌ನಲ್ಲಿ ಒಳ್ಳೆಯ ದಪ್ಪ ನಾಣ್ಯ. ಅದೊಂದು ಹಳೆ ಕಾಯಿಲ್‌ಗೆ ಖಂಡಿತ ಸಿಗುತ್ತಿರಲಿಲ್ಲ, ಆ ಹೊತ್ತಿಗೆ ಕೊಟ್ಟ ದುಡ್ಡೆಲ್ಲ ವಸೂಲಾಯಿತು ಅನಿಸಿದ್ದೂ ನಿಜ. ಆದರೆ ಅದರ ಜೊತೆ ನಾಲ್ಕು ಗುಂಡಿ ಕಬ್ಬಿಣಕ್ಕೆ ಹೋದವು. ಅದರಲ್ಲಿ ಒಂದನ್ನು ಮರೆಯುವ ಹಾಗಿಲ್ಲ. ನಂಬರ್ ಬೆಳ್ಳಿಯದ್ದು, ಸದ್ದು ದುಂಡಗೆ, ಡೆಪ್ತ್ ಮೀಟರ್ 20 ಅನ್ನುತ್ತಿದೆ. ಅಗೆದೆ. 20 ಆಯಿತು, 30 ಆಯಿತು, ಹೊಟ್ಟೆ ಮೇಲೆ ಮಲಗಿ ಕೈ ಇಳಿಸಿ 45ಕ್ಕೆ ಹೋದರೆ ಬಂದದ್ದು ಬಾಣಲೆಯಷ್ಟು ಅಗಲದ ತುಕ್ಕು ಹಿಡಿದ ತಗಡು. ಬೆಟ್ಟ ಅಗೆದು ಇಲಿ ಹಿಡಿದವನಿಗೆ ಇಲಿಯಾದರೂ ಸಿಕ್ಕಿತ್ತು. ಆಳದಲ್ಲಿರುವ ಚಪ್ಪಟೆ ಕಬ್ಬಿಣ ಒಳ್ಳೆಯ ಲೋಹದ ನಂಬರ್ ತೋರಿಸುವುದು ಎಲ್ಲಾ ಯಂತ್ರಗಳ ಹಳೆ ಕಾಯಿಲೆ, ದೊಡ್ಡ ಕಾಯಿಲ್ ಅಂಥ ಕಬ್ಬಿಣವನ್ನು ಇನ್ನೂ ಆಳದಿಂದ ಎತ್ತಿ ತರುತ್ತದೆ. ಡೆಪ್ತ್ ಮೀಟರ್ ಬಗ್ಗೆಯೂ ತಿಳಿದಿರಲಿ, ಅದನ್ನು ಜೊತೆಗೆ ಬಂದ ಕಾಯಿಲ್‌ಗೆ, ನಾಣ್ಯದಷ್ಟು ವಸ್ತುವಿಗೆ ಹೊಂದಿಸಿರುತ್ತಾರೆ. ಕಾಯಿಲ್ ಬದಲಾದ ಮೇಲೆ ಆ ಅಂಕಿಯನ್ನು ನಂಬಬೇಡಿ.

ಗುಂಡಿಗಳೂ ದೊಡ್ಡದಾದವು. 38 ಸೆಂಟಿಮೀಟರ್ ಉದ್ದದ ಅಲಗಿನ ಕೆಳಗೆ ನಾಣ್ಯ ಎಲ್ಲಿದೆ ಅಂತ ಹೇಗೆ ಹೇಳುವುದು? ನಾನು ಕಂಡುಕೊಂಡ ದಾರಿ ಇದು: ಸದ್ದಿನ ಮೇಲೆ ಚಿಕ್ಕದಾಗಿ ಆಡಿಸುತ್ತಾ ಕಾಯಿಲನ್ನು ನನ್ನ ಕಡೆಗೆ ಎಳೆಯುತ್ತಾ ಬರುವುದು, ಸದ್ದು ಕಡಿದ ಕ್ಷಣ ನಿಲ್ಲುವುದು, ವಸ್ತು ಕಾಯಿಲ್ ಮೂತಿಯ ತುದಿಯ ಮುಂದೆಯೇ ಇರುತ್ತದೆ. ಹಳೆಯದರಲ್ಲಿ ಮೂರು ಬೆರಳಿನಷ್ಟು ತಪ್ಪಾಗುತ್ತಿತ್ತು, ಇದರಲ್ಲಿ ಒಂದು ಅಂಗೈ. ಕೈಯಲ್ಲಿ ಹಿಡಿದು ಗುಂಡಿಯೊಳಗೆ ವಸ್ತು ಎಲ್ಲಿದೆ ಅಂತ ನೋಡುವ ಪುಟ್ಟ ಡಿಟೆಕ್ಟರ್, ಪಿನ್‌ಪಾಯಿಂಟರ್, ಇಲ್ಲದೆ ಈ ಕಾಯಿಲ್ ಜೊತೆ ಹೊರಡಬೇಡಿ. ತೋಡಿದ್ದನ್ನು ಮುಚ್ಚಿ ಬರಬೇಕು, ಜಾಗದವರನ್ನು ಮೊದಲೇ ಕೇಳಿರಬೇಕು, ಹಳೆಯ ವಸ್ತು ಸಿಕ್ಕರೆ ಆ ಜಾಗದ ಕಾನೂನು ಏನು ಹೇಳುತ್ತದೋ ಹಾಗೆ ಮಾಡಬೇಕು, ಇದನ್ನು ಯಾವ ಕಾಯಿಲ್‌ಗಾದರೂ ಹೇಳುತ್ತೇನೆ.

ಇನ್ನು ಹಳೆ ಮನೆಯ ಜಾಗ. ಮಾಡು ಬಿದ್ದು, ಮರ ಕೊಳೆತು, ಮೊಳೆಗಳು ಮಾತ್ರ ಮಣ್ಣಲ್ಲಿ ಉಳಿದಿರುವ ಜಾಗ. ಇಲ್ಲಿ ಈ ಕಾಯಿಲ್ ಪೂರ್ತಿ ಸೋತಿತು. ಹೆಜ್ಜೆಗೆ ಹತ್ತು ಮೊಳೆ ಇರುವ ಕಡೆ ಅಷ್ಟಗಲದ ಕಾಯಿಲ್ ಕೆಳಗೆ ಯಾವಾಗಲೂ ಮೂರು ನಾಲ್ಕು ಮೊಳೆ ಇದ್ದೇ ಇರುತ್ತವೆ, ನಡುವೆ ನಾಣ್ಯ ಇದ್ದರೂ ಮೊಳೆಯ ಗೊರಗೊರ ಅದನ್ನು ಮುಚ್ಚಿಬಿಡುತ್ತದೆ. ಡಿಸ್ಕ್ರಿಮಿನೇಷನ್ ಹಾಕಿ ಕಬ್ಬಿಣದ ಸದ್ದು ಅಡಗಿಸಿದರೆ ನಾಣ್ಯವೂ ಅದರ ಜೊತೆಯಲ್ಲೇ ಅಡಗುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಒಂದು ಹಲಗೆ ಮೇಲೆ ನಾಲ್ಕು ಮೊಳೆ ಹರಡಿ ನಡುವೆ ನಾಣ್ಯ ಇಡಿ. ನಾನು ಮಾಡಿದಾಗ ಹೊಸ ಕಾಯಿಲ್ ಒಂದೇ ಒಂದು ದಿಕ್ಕಿನಿಂದ, ಅದೂ ಅರೆಮನಸ್ಸಿನಿಂದ, ನಾಣ್ಯ ಇದೆ ಅಂದಿತು. 11 ಇಂಚಿನದು ಎರಡು ದಿಕ್ಕಿನಿಂದ. ಗೆಳೆಯನ 6 ಇಂಚಿನ ಪುಟ್ಟ ಕಾಯಿಲನ್ನು ಒಂದು ಸಂಜೆಗೆ ಈಸಿಕೊಂಡು ಬಂದು ಹಾಕಿದೆ, ಅವನ ಯಂತ್ರವೂ ಇದೇ ಮಾಡೆಲ್. ಅದು ಯಾವ ದಿಕ್ಕಿನಿಂದ ಬಂದರೂ ಮೊಳೆ ಮೊಳೆಯಾಗಿ, ನಾಣ್ಯ ನಾಣ್ಯವಾಗಿ, ಒಂದೊಂದನ್ನೂ ಬಿಡಿಸಿ ಹೇಳಿತು. ಮಾರನೇ ಬೆಳಗ್ಗೆ ಅದನ್ನೇ ಹಿಡಿದು ಹಳೆ ಮನೆಗೆ ಹೋದೆ. ನಾನು ನೂರು ಸಲ ದಾಟಿದ ಹೊಸ್ತಿಲಿನ ಪಕ್ಕ, ಎರಡು ಮೊಳೆಗಳ ನಡುವೆ, ಬರೀ 9 ಸೆಂಟಿಮೀಟರ್ ಕೆಳಗೆ ಒಂದು ಬೆಳ್ಳಿ ಉಂಗುರ. ಒಂಬತ್ತು! ನಾನು ಮೂವತ್ತರ ಹಿಂದೆ ಬಿದ್ದು ಮೊಣಕೈ ನೋಯಿಸಿಕೊಳ್ಳುತ್ತಿದ್ದೆ.

ಗಟ್ಟಿತನದ ಬಗ್ಗೆ ಹೇಳುವುದಾದರೆ, ಕಾಯಿಲ್ ಒಳಗೆ ಎಪಾಕ್ಸಿ ತುಂಬಿದ್ದಾರೆ, ತಟ್ಟಿದರೆ ಪೊಳ್ಳು ಸದ್ದಿಲ್ಲ. ಇದು ಮುಖ್ಯ, ಒಳಗಿನ ಸುತ್ತುಗಳು ಕೂದಲೆಳೆಯಷ್ಟು ಸರಿದರೂ ಆ ಸಮತೋಲ ಹೋಗುತ್ತದೆ. ಎರಡು ಸಲ ಕಲ್ಲಿಗೆ ಬಡಿದಿದ್ದೇನೆ, ಬಡಿದ ಕ್ಷಣಕ್ಕೆ ಕುಯ್ ಅಂದಿತು, ಆಮೇಲೆ ಸರಿ ಇತ್ತು. ಕೊಯ್ದ ಪೈರಿನ ಕೂಳೆ ಇರುವ ಕಡೆ, ಕಲ್ಲುಗಳ ಸಂದಿಯಲ್ಲಿ, ಎತ್ತರದ ಹುಲ್ಲಿನಲ್ಲಿ ಇದು ಕೆಲಸಕ್ಕೆ ಬರುವುದಿಲ್ಲ, ನೆಲಕ್ಕೆ ಎರಡು ಮೂರು ಸೆಂಟಿಮೀಟರ್ ಹತ್ತಿರ ಇಡಲಾಗದಿದ್ದರೆ ಸಿಕ್ಕ ನಾಲ್ಕು ಸೆಂಟಿಮೀಟರ್ ಅಲ್ಲೇ ಹೋಯಿತು. ಅಡಿಯ ಕವರ್ ವಾರಕ್ಕೊಮ್ಮೆ ಬಿಚ್ಚಿ ತೊಳೆಯಿರಿ. ಕೆಂಪು ಮಣ್ಣು, ಒದ್ದೆ ಮರಳು ಒಳಗೆ ಸೇರಿಕೊಂಡು ಕಾಯಿಲ್ ಜೊತೆಯಲ್ಲೇ ಸವಾರಿ ಮಾಡುತ್ತಾ ಸುಳ್ಳು ಸದ್ದು ಕೊಡುತ್ತವೆ.

ಕೊಳ್ಳುವ ಮೊದಲು ಒಂದು ಎಚ್ಚರಿಕೆ. ಪ್ಲಗ್ ಕೂತ ಮಾತ್ರಕ್ಕೆ ಕಾಯಿಲ್ ಹೊಂದಿತು ಅಂತ ಅಲ್ಲ. ಒಳಗಿನ ಸುತ್ತುಗಳ ಗುಣ ಯಂತ್ರದ ಸರ್ಕ್ಯೂಟ್‌ಗೆ ತಕ್ಕಂತೆ ಇರಬೇಕು. ಕೆಲವು ಹೊಸ ಯಂತ್ರಗಳು ಕಾಯಿಲ್ ಒಳಗೆ ಚಿಪ್ ಇಟ್ಟು, ತಮ್ಮದಲ್ಲದ ಕಾಯಿಲನ್ನು ಒಳಗೇ ಬಿಡುವುದಿಲ್ಲ. ನಿಮ್ಮ ಮಾಡೆಲ್ ಹೆಸರು ಹೇಳಿಯೇ ಕೇಳಿ. ಬದಲಾಯಿಸುವಾಗ ಯಂತ್ರ ಆಫ್ ಮಾಡಿ, ಹಾಕಿದ ಮೇಲೆ ಗ್ರೌಂಡ್ ಬ್ಯಾಲೆನ್ಸ್ ಮತ್ತೆ ಮಾಡಿ.

ಯಾರು ತೆಗೆದುಕೊಳ್ಳಬಹುದು? ಬಯಲು ಜಾಗ, ಕಸ ಕಡಿಮೆ, ಮಣ್ಣು ಸೌಮ್ಯ ಅಥವಾ ಒಣ ಮರಳು, ಮೈಯಲ್ಲಿ ಕಸುವು, ಇಷ್ಟಿದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ, ಇಷ್ಟಪಡುತ್ತೀರಿ. ಒಂದೇ ಕಾಯಿಲ್ ಕೊಳ್ಳಲು ದುಡ್ಡಿದೆ, ಓಡಾಡುವುದು ಹಳೆ ಮನೆಗಳ ಸುತ್ತ ಅಂದರೆ ಇದರ ಕಡೆ ನೋಡಲೇಬೇಡಿ, ಚಿಕ್ಕದು ಕೊಳ್ಳಿ. ನಾನು ಐದಕ್ಕೆ ಮೂರೂವರೆ ಕೊಡುತ್ತೇನೆ, ವಾಷರ್ ಇದ್ದಿದ್ದರೆ ನಾಲ್ಕು.

ಹಾ, ವಾಷರ್. ಮೂರು ಪತ್ರ ಬರೆದ ಮೇಲೆ, ಐದನೇ ವಾರ ಒಂದು ಲಕೋಟೆ ಬಂತು. ಒಳಗೆ ಎರಡು ರಬ್ಬರ್ ವಾಷರ್, ಜೊತೆಗೆ ಕ್ಷಮಿಸಿ ಅಂತ ಒಂದು ಚೀಟಿ. ಬೋಲ್ಟ್‌ಗೆ ಹಾಕಿ ನೋಡಿದೆ. ತೂತು ಚಿಕ್ಕದು, ಒಳಗೆ ಹೋಗುತ್ತಿಲ್ಲ.